ಹಳೆಯ ಸೈಕಲ್ಲು, ಹೊಸ ಬ್ರೇಕು

ವಸ್ತುಗಳ ವಿಷಯದಲ್ಲಿ ಮನುಷ್ಯರನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಹಳೆಯದಾಯಿತೆಂದ ಕೂಡಲೇ ಅದನ್ನು ಮನೆಯಿಂದ ಆಚೆಗೆ ಸಾಗಿಸುವವರದು ಒಂದು ವರ್ಗ. ಹಳೆಯದೆಂಬ ಒಂದೇ ಕಾರಣಕ್ಕೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಅಟ್ಟದ ಮೇಲೆ ಕೂರಿಸುವವರದು ಇನ್ನೊಂದು. ಮೊದಲನೆಯವರ ಮನೆಯಲ್ಲಿ ಅಟ್ಟ ಖಾಲಿ. ಎರಡನೆಯವರ ಮನೆಯಲ್ಲಿ ಅಟ್ಟ ಯಾವಾಗ ತಲೆಯ ಮೇಲೆ ಬೀಳುತ್ತದೋ ಎಂಬ ಭಯ. ಮೇಲುನೋಟಕ್ಕೆ ಇವರಿಬ್ಬರೂ ಪರಸ್ಪರ ವಿರೋಧಿಗಳಂತೆ ತೋರಿದರೂ ಒಂದು ಅಂಶದಲ್ಲಿ ಅವರಿಗೆ ಪೂರ್ಣ ಸಹಮತವಿದೆ: ಹಳೆಯ ವಸ್ತು ಇನ್ನು ಕೆಲಸಕ್ಕೆ ಬಾರದು ಎಂಬುದೇ ಆ ಅಂಶ. ಈ ಎರಡೂ ವರ್ಗಗಳಿಗೆ ಸೇರದೆ, ಹಳೆಯದನ್ನು ಇಂದಿನ ಕೆಲಸಕ್ಕೆ ಹಚ್ಚಬೇಕೆಂದು ಹೊರಡುವವನ ಪಾಡು ಸ್ವಲ್ಪ ಕಷ್ಟದ್ದು. ಏನನ್ನು ಉಳಿಸಬೇಕು, ಏನನ್ನು ಬದಲಿಸಬೇಕು ಎಂದು ಅವನು ಹೆಜ್ಜೆಹೆಜ್ಜೆಗೂ ಯೋಚಿಸಬೇಕಾಗುತ್ತದೆ. ಹೀಗೆ ಯೋಚಿಸುವುದನ್ನು ನನಗೆ ಕಲಿಸಿದ್ದು ಯಾವುದೋ ಗ್ರಂಥವಲ್ಲ. ನಮ್ಮ ಮನೆಯ ಒಂದು ಸೈಕಲ್ಲು.

ಅದು ಇಂಗ್ಲೆಂಡಿನಲ್ಲಿ ತಯಾರಾದ ಸೈಕಲ್ಲು. 1960ರ ದಶಕದಲ್ಲಿ ನಮ್ಮ ಕೊಪ್ಪದ ಸೀಮೆಯ ಕಾಫಿ ತೋಟವೊಂದಕ್ಕೆ ಬಂದು, ಅಲ್ಲಿನ ಕಚೇರಿಯ ಮೂಲೆಯಲ್ಲಿ ಬಹುಕಾಲ ಒರಗಿ ನಿಂತಿದ್ದು, 1986ರಲ್ಲಿ ನನ್ನ ಪಾಲಿಗೆ ಬಂದಿತು. ನಾನು ಆಗ ಮಾಸ್ತರಿಕೆಗೆ ಸೇರಿ ಎರಡು ವರ್ಷವಾಗಿತ್ತು. ಶಾಲೆ ಏಳು ಕಿಲೋಮೀಟರ್ ದೂರ. ಬಸ್ಸು ಬಂದರೆ ಬಂದಿತು, ಇಲ್ಲವಾದರೆ ಇಲ್ಲ. ಊರಿನಲ್ಲಿದ್ದ ಇತರ ಸೈಕಲ್ಲುಗಳೆಲ್ಲ ಕರಿಯ ಬಣ್ಣದ, ಕಬ್ಬಿಣದ ಸರಳುಗಳ ಬ್ರೇಕುಳ್ಳ, ಅಕ್ಕಿಮೂಟೆ ಹೊರುವ ಗಟ್ಟಿ ಆಳುಗಳು. ಅವುಗಳ ನಡುವೆ ಇದು ತೆಳುವಾದ ಮೈಕಟ್ಟಿನ, ಹಗುರ ನಡೆಯ ಜೀವಿ. ಇದರ ಉಕ್ಕಿನ ಕೊಳವೆಗಳನ್ನು ಒಂದರೊಳಗೊಂದು ಸೇರಿಸಿ, ಹಿತ್ತಾಳೆಯನ್ನು ಕರಗಿಸಿ ಬೆಸೆದಿದ್ದ ಕೀಲುಗಳು ಕಂಬಕ್ಕೆ ಬೋದಿಗೆ ಹೊಂದಿದಂತೆ ನಯವಾಗಿ ಹೊಂದಿಕೊಂಡಿದ್ದವು. ಬ್ರೇಕು ಕೂಡ ಸರಳಿನದಲ್ಲ. ತಂತಿ ಎಳೆದರೆ ಇಕ್ಕಳದಂತೆ ಮುಚ್ಚಿಕೊಂಡು ರಿಮ್ಮನ್ನು ಎರಡು ಪಕ್ಕೆಗಳಿಂದ ಹಿಡಿಯುವ ಬಗೆಯದು. ಇಂಥದಕ್ಕೆ ಕ್ಯಾಲಿಪರ್ ಬ್ರೇಕು ಎಂದು ಹೆಸರು.

ಮೂವತ್ತು ವರ್ಷಗಳಿಗೂ ಮಿಗಿಲಾಗಿ ಆ ಸೈಕಲ್ಲು ನನ್ನನ್ನು ಹೊತ್ತಿತು. 2019ರಲ್ಲಿ ನನಗೆ ನಿವೃತ್ತಿಯಾದಾಗ ಅದಕ್ಕೂ ನಿವೃತ್ತಿಯಾಯಿತು. ಕೊಟ್ಟಿಗೆಯ ಗೋಡೆಗೆ ಒರಗಿಸಿ, ಗೋಣಿಚೀಲ ಹೊದಿಸಿ, ವರ್ಷಕ್ಕೊಮ್ಮೆ ಎಣ್ಣೆ ಬಿಡುವುದಷ್ಟೇ ನಮ್ಮಿಬ್ಬರ ನಡುವೆ ಉಳಿದ ಸಂಬಂಧವಾಗಿತ್ತು. ನನ್ನ ಮೊಮ್ಮಗಳು ಒಂಬತ್ತನೆಯ ತರಗತಿಗೆ ಬಂದದ್ದೇ ಅದಕ್ಕೆ ಮರಳಿ ಕರೆ ಬಂದಂತಾಯಿತು. ಅವಳ ಪ್ರೌಢಶಾಲೆ ನಾಲ್ಕು ಕಿಲೋಮೀಟರ್ ದೂರದಲ್ಲಿದೆ. ಹುಡುಗಿ ಎತ್ತರದವಳು, ಸೈಕಲ್ಲಿನ ಸೀಟನ್ನು ಒಂದಿಷ್ಟು ಇಳಿಸಿದರೆ ಅವಳ ಕಾಲು ಸಲೀಸಾಗಿ ನೆಲಕ್ಕೆ ಎಟಕುತ್ತಿತ್ತು. ಅಂಗಳದಲ್ಲಿ ಎರಡು ಸುತ್ತು ಹೊಡೆದು ಬಂದು, “ಅಜ್ಜ, ನನಗೆ ಹೊಸ ಸೈಕಲ್ ಬೇಡ, ಇದೇ ಇರಲಿ” ಎಂದಳು. ನನಗಾದ ಸಂತೋಷವನ್ನು ನಾನು ಮುಚ್ಚಿಡಲಿಲ್ಲ. ಆದರೆ ಜಗಲಿಯ ಮೇಲೆ ನಿಂತಿದ್ದ ನನ್ನ ಸೊಸೆ ಮುಚ್ಚಿಡದೆ ಹೇಳಿದ ಮಾತು ಬೇರೆಯಾಗಿತ್ತು: “ಮಾವ, ನಿಮಗೆ ನಿಮ್ಮ ನೆನಪು ದೊಡ್ಡದು. ನನಗೆ ಮಗಳು ದೊಡ್ಡವಳು. ಸೇತುವೆಯ ಇಳಿಜಾರಿನಲ್ಲಿ, ಮಳೆಯಲ್ಲಿ, ಅದು ನಿಲ್ಲುತ್ತದೆಯೇ? ಅದನ್ನು ಮೊದಲು ಹೇಳಿ.”

ಆ ಪ್ರಶ್ನೆಗೆ ನನ್ನ ಎಡ ಮೊಣಕೈಯಲ್ಲೇ ಉತ್ತರವಿತ್ತು. 1991ರ ಆಷಾಢದ ಒಂದು ಸಂಜೆ ಅದೇ ಇಳಿಜಾರಿನಲ್ಲಿ ಎರಡೂ ಬ್ರೇಕುಗಳನ್ನು ಬಿಗಿಯಾಗಿ ಹಿಡಿದರೂ ಸೈಕಲ್ಲು ನಿಲ್ಲದೆ, ಎದುರಿಗೆ ಬಸ್ಸು ಬರುವುದನ್ನು ಕಂಡು, ನಾನು ದರೆಯ ಪೊದೆಗಳತ್ತ ತಿರುಗಿಸಿ ಬಿದ್ದಿದ್ದೆ. ಅಂದಿನ ಗಾಯದ ಗುರುತು ಇನ್ನೂ ಮಾಸಿಲ್ಲ.

ಬ್ರೇಕು ಸರಿಯಾಗಿದ್ದರೂ ಮಳೆಯಲ್ಲಿ ಸೈಕಲ್ಲು ಏಕೆ ನಿಲ್ಲುವುದಿಲ್ಲ? ಆ ಕಾಲದ ರಿಮ್ಮುಗಳು ಉಕ್ಕಿನವು. ತುಕ್ಕು ಹಿಡಿಯದಂತೆ ಅವುಗಳಿಗೆ ಕ್ರೋಮಿಯಂ ಲೇಪ ಕೊಟ್ಟಿರುತ್ತಿದ್ದರು. ಕನ್ನಡಿಯಂತೆ ಹೊಳೆಯುವ ಆ ನುಣುಪು ಒಣ ಹವೆಯಲ್ಲಿ ಅಂದ, ಮಳೆಯಲ್ಲಿ ಅಪಾಯ. ಅದರ ಮೇಲೆ ನೀರಿನ ತೆಳುವಾದ ಪೊರೆ ನಿಂತುಬಿಡುತ್ತದೆ. ಬ್ರೇಕಿನ ರಬ್ಬರು ರಿಮ್ಮನ್ನು ಮುಟ್ಟಿದಂತೆ ಕಂಡರೂ ನಿಜವಾಗಿ ಮುಟ್ಟುವುದು ನೀರನ್ನು. ಚಕ್ರ ಹಲವು ಸುತ್ತು ತಿರುಗಿ ಆ ನೀರು ಒರೆಸಿಹೋಗುವವರೆಗೂ ಹಿಡಿತ ಸಿಕ್ಕುವುದಿಲ್ಲ. ಅಷ್ಟರಲ್ಲಿ ಮೇಲಿನಿಂದ ಮತ್ತಷ್ಟು ನೀರು ಬಿದ್ದಿರುತ್ತದೆ. ಅಲ್ಯುಮಿನಿಯಂ ರಿಮ್ಮು ನೆನೆದಾಗಲೂ ಇದಕ್ಕಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ.

ನೀವು ವಿಜ್ಞಾನದ ತರಗತಿಯಲ್ಲಿ ಚಲನೆಯ ಸಮೀಕರಣಗಳನ್ನು ಕಲಿಯುತ್ತೀರಿ. ಅವು ಪರೀಕ್ಷೆಗೆಂದು ಮಾತ್ರ ಹುಟ್ಟಿದವಲ್ಲ. ಗಂಟೆಗೆ 20 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 5.6 ಮೀಟರ್. ಬ್ರೇಕು ಆ ವೇಗವನ್ನು ಪ್ರತಿ ಸೆಕೆಂಡಿಗೆ 4 ಮೀಟರಿನಂತೆ ತಗ್ಗಿಸಬಲ್ಲದಾದರೆ ಸೈಕಲ್ಲು ಸುಮಾರು 4 ಮೀಟರ್ ದೂರದಲ್ಲಿ ನಿಲ್ಲುತ್ತದೆ. ರಿಮ್ಮು ಒದ್ದೆಯಾಗಿ, 1 ಮೀಟರಿನಂತೆ ಮಾತ್ರ ತಗ್ಗಿಸುವ ಸ್ಥಿತಿ ಬಂದರೆ ಅದೇ ಸೈಕಲ್ಲು ನಿಲ್ಲಲು 15 ಮೀಟರಿಗೂ ಹೆಚ್ಚು ದೂರ ಬೇಕು. ಇದು ಸಮತಟ್ಟಾದ ನೆಲದ ಲೆಕ್ಕ. ಇಳಿಜಾರಿನಲ್ಲಿ ಭೂಮಿಯೇ ಸೈಕಲ್ಲನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ಇಮ್ಮಡಿಯಲ್ಲ, ನಾಲ್ಮಡಿ. ನಾಲ್ಕು ಮೀಟರಿಗೂ ಹದಿನೈದು ಮೀಟರಿಗೂ ನಡುವೆ ನಮ್ಮ ಸೇತುವೆಯ ತಿರುವು ಇತ್ತು. ಸೊಸೆಯ ಭಯ ಹೆಣ್ಣುಮಕ್ಕಳ ಅನಾವಶ್ಯಕ ಅಂಜಿಕೆಯೆಂದು ತಳ್ಳಿಹಾಕುವಂಥದಾಗಿರಲಿಲ್ಲ, ಅದು ಗಣಿತವಾಗಿತ್ತು. ಆದುದರಿಂದ ಒಂದು ಕರಾರಿಗೆ ನಾನು ಒಪ್ಪಿಕೊಂಡೆ: ಮಳೆಯಲ್ಲಿಯೂ ನಂಬಿಕೆಯಿಂದ ನಿಲ್ಲುವಂತೆ ಮಾಡಲಾದರೆ ಹಳೆಯ ಸೈಕಲ್ಲು, ಆಗದಿದ್ದರೆ ಹೊಸದು.

ಪೇಟೆಯ ಸೈಕಲ್ ಷಾಪಿನ ಯಜಮಾನ ನನ್ನ ಹಳೆಯ ವಿದ್ಯಾರ್ಥಿ. ವ್ಯಾಕರಣದಲ್ಲಿ ಅವನಿಗೆ ಅಷ್ಟಾಗಿ ಒಲವಿರಲಿಲ್ಲ. ಆದರೆ ಒಂದು ಯಂತ್ರದ ಯಾವ ಭಾಗ ಯಾವ ಭಾಗವನ್ನು ಆಳುತ್ತದೆ ಎಂಬುದನ್ನು ಅವನು ಬಾಲ್ಯದಿಂದಲೇ ಬಲ್ಲವನಾಗಿದ್ದ. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಚಕ್ರ ತಿರುಗಿಸಿ, ಕೊಳವೆಗಳ ಕೀಲುಗಳನ್ನೆಲ್ಲ ಬಟ್ಟೆಯಿಂದ ಒರೆಸಿ ನೋಡಿ, “ಮೇಷ್ಟ್ರೇ, ಫ್ರೇಮಿಗೆ ಏನೂ ಆಗಿಲ್ಲ. ಎಲ್ಲಿಯೂ ಬಿರುಕಿಲ್ಲ, ಒಳಗೆ ತುಕ್ಕು ತಿಂದಿಲ್ಲ. ರಿಮ್ಮು ಬದಲಾಯಿಸೋಣ, ಬ್ರೇಕೂ ಹೊಸ ನಮೂನೆಯದು ಹಾಕೋಣ. ಆದರೆ ಅದು ಇದಕ್ಕೆ ಸುಮ್ಮನೆ ಕೂರುವುದಿಲ್ಲ” ಎಂದ. ಅಲ್ಲಿಯೇ ಪಂಪು ಹೊಡೆಯುತ್ತ ನಿಂತಿದ್ದ ಒಬ್ಬರು ಖರ್ಚಿನ ಲೆಕ್ಕ ಕೇಳಿ, “ಮೂಗಿಗಿಂತ ಮೂಗುತಿ ಭಾರವಾಯಿತಲ್ಲ, ಮೇಷ್ಟ್ರೇ!” ಎಂದು ನಕ್ಕರು. ಬೆಂಗಳೂರಿನ ಹೋಟೆಲುಗಳಲ್ಲಿ ಇಂಥ ಹಳೆಯ ಸೈಕಲ್ಲುಗಳನ್ನು ಗೋಡೆಗೆ ನೇತುಹಾಕಿ ಅಲಂಕಾರ ಮಾಡುತ್ತಾರೆ, ಅವರಿಗೆ ಮಾರಿಬಿಡಿ ಎಂಬ ಸಲಹೆಯೂ ಬಂದಿತು. ನಡೆಯಬಲ್ಲವನನ್ನು ಗೋಡೆಗೆ ತೂಗುಹಾಕುವುದು ನನಗೆ ಗೌರವವೆಂದು ತೋರಲಿಲ್ಲ.

ಹೊಸ ಬ್ರೇಕು ಹಳೆಯ ಸೈಕಲ್ಲಿಗೆ ಸುಮ್ಮನೆ ಕೂರದಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಅಳತೆಗೆ ಸಂಬಂಧಿಸಿದ್ದು. ನನ್ನ ಸೈಕಲ್ಲಿನ ಚಕ್ರ 27 ಅಂಗುಲದ್ದೆಂದು ಹೆಸರು. ಈ ಹೆಸರು ಟೈರಿನ ಹೊರಸುತ್ತನ್ನು ಅಂದಾಜಿನಲ್ಲಿ ಸೂಚಿಸುತ್ತದೆಯೇ ಹೊರತು ರಿಮ್ಮನ್ನಲ್ಲ. ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ 630 ಮಿಲಿಮೀಟರ್. ಇಂದು ಸುಲಭವಾಗಿ ಸಿಕ್ಕುವ 700ಸಿ ಎಂಬ ಹೆಸರಿನ ಅಲ್ಯುಮಿನಿಯಂ ರಿಮ್ಮಿನಲ್ಲಿ ಇದು 622 ಮಿಲಿಮೀಟರ್. ವ್ಯಾಸದಲ್ಲಿ 8 ಮಿಲಿಮೀಟರ್ ಕಡಿಮೆಯೆಂದರೆ ತ್ರಿಜ್ಯದಲ್ಲಿ 4 ಮಿಲಿಮೀಟರ್ ಕಡಿಮೆ. ಆದುದರಿಂದ ಬ್ರೇಕಿನ ರಬ್ಬರು ಮೊದಲು ಮುಟ್ಟುತ್ತಿದ್ದ ಜಾಗಕ್ಕಿಂತ 4 ಮಿಲಿಮೀಟರ್ ಕೆಳಗೆ ರಿಮ್ಮು ಸಿಕ್ಕುತ್ತದೆ. ಬ್ರೇಕಿನ ತೋಳು ಅಷ್ಟು ಹೆಚ್ಚು ಚಾಚಬೇಕು. ಬ್ರೇಕನ್ನು ಬಿಗಿಯುವ ರಂಧ್ರದ ನಡುವಿನಿಂದ ರಿಮ್ಮಿನ ಪಕ್ಕೆಯ ನಡುವಿನವರೆಗೆ ಅಳೆದಾಗ ಮುಂದಿನ ಚಕ್ರದಲ್ಲಿ 50 ಮಿಲಿಮೀಟರ್ ಇದ್ದುದು ಹೊಸ ರಿಮ್ಮಿನಿಂದ 54 ಆಗುತ್ತಿತ್ತು. ಹಿಂದಿನ ಚಕ್ರದಲ್ಲಿ 51 ಇದ್ದುದು 55. ಈಗಿನ ಓಟದ ಸೈಕಲ್ಲುಗಳ ಬ್ರೇಕಿನ ತೋಳು ಸಾಮಾನ್ಯವಾಗಿ 39ರಿಂದ 49 ಮಿಲಿಮೀಟರಿನವರೆಗೆ ಮಾತ್ರ ಚಾಚುತ್ತದೆ. ಅದು ರಿಮ್ಮನ್ನು ಬಿಟ್ಟು ಟೈರನ್ನು ಉಜ್ಜುತ್ತದೆ. ಟೈರು ಹರಿದರೆ ಬ್ರೇಕೇ ಶತ್ರುವಾಯಿತೆಂದು ಅರ್ಥ. ಇನ್ನೊಂದು ಬಗೆಯದು 47ರಿಂದ 57ರವರೆಗೆ ಚಾಚುತ್ತದೆ. ನಮಗೆ ಬೇಕಾದದ್ದು ಅದು. ಅಂಗಡಿಗೆ ಹೋಗುವ ಮೊದಲು ಅಳತೆಪಟ್ಟಿ ಹಿಡಿದವನಿಗೆ ಎರಡು ಬಾರಿ ಅಂಗಡಿಗೆ ಹೋಗುವ ಶ್ರಮ ತಪ್ಪುತ್ತದೆ.

ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದದ್ದು. ಮುಂಚಕ್ರವನ್ನು ಎರಡು ಕಡೆಯಿಂದ ಹಿಡಿದಿರುವ ಕವೆಗೆ ಫೋರ್ಕು ಎನ್ನುತ್ತೇವಷ್ಟೆ. ಅದರ ನೆತ್ತಿಯಲ್ಲಿ ಮುಂದಿನಿಂದ ಹಿಂದಕ್ಕೆ ಒಂದು ರಂಧ್ರವಿರುತ್ತದೆ. ಹಳೆಯ ಸೈಕಲ್ಲಿನಲ್ಲಿ ಆ ರಂಧ್ರ ಉದ್ದಕ್ಕೂ 6 ಮಿಲಿಮೀಟರಿನದು. ಬ್ರೇಕಿನ ಬೋಲ್ಟು ಅದರೊಳಗೆ ತೂರಿ, ಹಿಂಬದಿಯಲ್ಲಿ ಹೊರಬಂದು, ಸಾಮಾನ್ಯ ನಟ್ಟಿನಿಂದ ಬಿಗಿಯಲ್ಪಡುತ್ತದೆ. ಹೊಸ ಬ್ರೇಕಿನಲ್ಲಿ ಬೋಲ್ಟು ಗಿಡ್ಡ. ಅದು ಹಿಂಬದಿಯವರೆಗೆ ಬರುವುದೇ ಇಲ್ಲ. ಅದರ ಬದಲು ನಟ್ಟೇ ಕೊಳವೆಯಾಕಾರ ತಾಳಿ, ಹಿಂಬದಿಯಿಂದ ರಂಧ್ರದೊಳಕ್ಕೆ ಹೋಗಿ ಬೋಲ್ಟನ್ನು ಎದುರುಗೊಳ್ಳುತ್ತದೆ. ಆ ಕೊಳವೆಯ ದಪ್ಪ 8 ಮಿಲಿಮೀಟರ್. ಹಳೆಯ ಮನೆಯ ಬಾಗಿಲು ಆರು, ಬಂದ ಅತಿಥಿ ಎಂಟು: ಇದು ನಮ್ಮ ಸಮಸ್ಯೆ.

“ತೂತು ದೊಡ್ಡದು ಮಾಡಿದರೆ ಆಯಿತಲ್ಲ?” ಎಂದು ಯಾರಾದರೂ ಕೇಳಬಹುದು. ಮಾಡಬಹುದು, ನಿಜ. ಆದರೆ ತೂತನ್ನು ದೊಡ್ಡದು ಮಾಡಿದ ಮೇಲೆ ಚಿಕ್ಕದು ಮಾಡಲಾಗುವುದಿಲ್ಲ. ರಿಮ್ಮು ಬದಲಿಸಿದರೆ ಹಳೆಯ ರಿಮ್ಮನ್ನು ಮತ್ತೆ ಹಾಕಬಹುದು. ತಂತಿ ಬದಲಿಸಿದರೆ ಮತ್ತೊಂದು ತಂತಿ ಸಿಕ್ಕುತ್ತದೆ. ಕೊರೆದು ತೆಗೆದ ಉಕ್ಕು ಮಾತ್ರ ಮರಳಿ ಬರುವುದಿಲ್ಲ. ಮಾಡಿದ ಮೇಲೆ ಹಿಂದಕ್ಕೆ ಪಡೆಯಲಾಗದ ಕೆಲಸಕ್ಕೂ ಪಡೆಯಬಹುದಾದ ಕೆಲಸಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಷಾಪಿನವನು ಚೆನ್ನಾಗಿ ಬಲ್ಲ. “ಒಂದು ದಿನ ಯೋಚನೆ ಮಾಡೋಣ, ಮೇಷ್ಟ್ರೇ” ಎಂದು ಅಂದು ಕೆಲಸವನ್ನು ಅಲ್ಲಿಗೇ ನಿಲ್ಲಿಸಿದ. ಆತುರದ ಕಾಲದಲ್ಲಿ ಹೀಗೆ ಹೇಳುವ ಕೆಲಸಗಾರ ಸಿಕ್ಕುವುದು ಪುಣ್ಯ.

ಮರುದಿನ ಇಬ್ಬರೂ ಕೂಡಿ ಮಾಡಿದ ನಿರ್ಣಯ ಹೀಗಿತ್ತು. ಫೋರ್ಕಿನ ನೆತ್ತಿ ದಪ್ಪನೆಯದು, ಗಟ್ಟಿಯಾದದ್ದು. ಇಂದಿನ ಫೋರ್ಕುಗಳಲ್ಲಿಯೂ ಆ ಜಾಗದಲ್ಲಿ ಹಿಂಬದಿಯ ರಂಧ್ರ 8 ಮಿಲಿಮೀಟರೇ ಇರುತ್ತದೆ. ಆದುದರಿಂದ ಅಲ್ಲಿ ಕೊರೆಯಬಹುದು. ಆದರೆ ಹಿಂಬದಿಯನ್ನು ಮಾತ್ರ; ಮುಂಬದಿ 6 ಮಿಲಿಮೀಟರಾಗಿಯೇ ಉಳಿಯಬೇಕು. ಏಕೆಂದರೆ ಬೋಲ್ಟಿನ ದಪ್ಪ ಇಂದಿಗೂ ಆರೇ. ಮುಂಬದಿಯನ್ನೂ ಅಗಲ ಮಾಡಿದರೆ ಬೋಲ್ಟು ಅಲ್ಲಿ ಸಡಿಲವಾಗಿ, ಬ್ರೇಕು ಹಿಡಿದಾಗಲೆಲ್ಲ ಅಲುಗಾಡುತ್ತದೆ. ಇನ್ನು ಹಿಂದಿನ ಬ್ರೇಕು ಕೂರುವುದು ಹಿಂಚಕ್ರದ ಮೇಲೆ ಎರಡು ಸಣ್ಣ ಕೊಳವೆಗಳನ್ನು ಜೋಡಿಸುವ ಒಂದು ಪುಟ್ಟ ಅಡ್ಡಕೊಳವೆಯ ಮೇಲೆ. ನನ್ನ ಸೈಕಲ್ಲಿನಲ್ಲಿ ಅದು ತೆಳುವಾದದ್ದು. ಅದನ್ನು ಎಂಟಕ್ಕೆ ಕೊರೆದರೆ ಉಳಿಯುವ ಉಕ್ಕು ಸ್ವಲ್ಪ. ಅದನ್ನು ಮುಟ್ಟಬಾರದು.

ಮುಟ್ಟದೆ ಹೊಸ ಬ್ರೇಕನ್ನು ಬಿಗಿಯುವುದು ಹೇಗೆ? ಇದಕ್ಕೆ ಒಂದು ಸರಳ ಉಪಾಯವಿದೆ. ಫೋರ್ಕಿನ ನೆತ್ತಿ ಅಡ್ಡಕೊಳವೆಗಿಂತ ದಪ್ಪವಾದ್ದರಿಂದ ಮುಂದಿನ ಬ್ರೇಕಿಗೆ ಹಿಂದಿನದಕ್ಕಿಂತ ಉದ್ದವಾದ ಬೋಲ್ಟು ಕೊಟ್ಟಿರುತ್ತಾರೆ. ಮುಂದಿನದೆಂದು ಮಾಡಿದ ಬ್ರೇಕನ್ನೇ ಹಿಂದಕ್ಕೆ ಹಾಕಿದರೆ ಅದರ ಉದ್ದ ಬೋಲ್ಟು ಅಡ್ಡಕೊಳವೆಯನ್ನು ದಾಟಿ ಹೊರಬರುತ್ತದೆ. ಸಾಮಾನ್ಯ ನಟ್ಟೇ ಸಾಕು. ಕೊಳವೆ ದುಂಡಾಗಿರುವುದರಿಂದ ಅದಕ್ಕೆ ಒಪ್ಪುವಂತೆ ಬಾಗಿದ ಎರಡು ವಾಷರುಗಳನ್ನು ಎರಡು ಬದಿಗೂ ಇಡಬೇಕು. ನಟ್ಟಿನೊಳಗೆ ಹೋಗುವ ತಿರುಪಿನ ಉದ್ದ ಕೊನೆಯಪಕ್ಷ ಬೋಲ್ಟಿನ ದಪ್ಪದಷ್ಟಾದರೂ ಇರಬೇಕೆಂಬುದನ್ನು ಅಳೆದು ನೋಡಿಕೊಂಡೇ ನಾವು ಎರಡು ಮುಂದಿನ ಬ್ರೇಕುಗಳನ್ನು ತರಿಸಿದೆವು. ಹಿಡಿಕೆಗಳನ್ನೂ ಆ ಬ್ರೇಕಿಗೆ ಒಪ್ಪುವಂಥವನ್ನೇ ಆರಿಸಿದೆವು. ಬೇರೆ ಬೇರೆ ಬಗೆಯ ಬ್ರೇಕುಗಳಿಗೆ ತಂತಿಯನ್ನು ಬೇರೆ ಬೇರೆ ಉದ್ದಕ್ಕೆ ಎಳೆಯಬೇಕಾಗುತ್ತದೆ. ಹಿಡಿಕೆಗೂ ಬ್ರೇಕಿಗೂ ಮೇಳವಿಲ್ಲದಿದ್ದರೆ ಕೈಗೆ ಬಿಗಿಯೆನಿಸಿದ್ದು ಚಕ್ರಕ್ಕೆ ಬಿಗಿಯಾಗಿರುವುದಿಲ್ಲ.

ಕೊರೆಯುವ ದಿನ ನಾನೂ ಲೇತ್ ಅಂಗಡಿಗೆ ಹೋದೆ. ಫೋರ್ಕನ್ನು ಸೈಕಲ್ಲಿನಿಂದ ಬಿಡಿಸಿ, ಮರದ ತುಂಡುಗಳ ನಡುವೆ ಇಟ್ಟು ಕಚ್ಚಿಸಿದರು. ಮೊದಲು 7 ಮಿಲಿಮೀಟರಿನ ಡ್ರಿಲ್ಲು, ಅನಂತರ 8ರದು. ಮುಂಬದಿಯನ್ನು ತಾಗದಂತೆ ಆಳಕ್ಕೆ ಗುರುತು ಮಾಡಿಕೊಂಡು, ಒಂದೊಂದೇ ಹನಿ ಎಣ್ಣೆ ಬಿಡುತ್ತ ನಿಧಾನವಾಗಿ ಇಳಿಸಿದರು. ಸುರುಳಿಸುರುಳಿಯಾಗಿ ಹೊರಬಿದ್ದ ಉಕ್ಕಿನ ಹೊಟ್ಟು ಒಂದು ಚಮಚೆಯಷ್ಟೂ ಇರಲಿಲ್ಲ. ಕೆಲಸ ಹತ್ತು ನಿಮಿಷದ್ದು. ಅದಕ್ಕೆ ಹಿಂದಿನ ಯೋಚನೆ ಎರಡು ದಿನದ್ದು. ಆಮೇಲೆ ಅಂಚನ್ನು ಉಜ್ಜಿ ನಯಗೊಳಿಸಿ, ಬರಿದಾದ ಉಕ್ಕಿಗೆ ತುಕ್ಕು ಹಿಡಿಯದಂತೆ ಬಣ್ಣ ಬಳಿದರು. ಕೊಳವೆಯ ನಟ್ಟು ಹಿಂದಿನಿಂದ ಒಳಹೋಗಿ, ಮುಂದಿನಿಂದ ಬಂದ ಬೋಲ್ಟನ್ನು ಹಿಡಿದುಕೊಂಡಿತು.

ಮೂವತ್ತೈದು ವರ್ಷ ಕನ್ನಡ ವ್ಯಾಕರಣವನ್ನು ಬೋಧಿಸಿದ ನನಗೆ ಆ ಕ್ಷಣ ಸಂಧಿಪ್ರಕರಣ ನೆನಪಾದದ್ದು ಸಹಜವೇ. ಎರಡು ಪದಗಳು ಕೂಡುವಾಗ ಏನಾದರೂ ಒಂದು ಮಾರ್ಪಾಡು ಆಗಲೇಬೇಕಲ್ಲವೇ? ‘ಊರು’ ಎಂಬುದಕ್ಕೆ ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಬಿಟ್ಟುಹೋಗುತ್ತದೆ, ಅದು ಲೋಪ. ‘ಮನೆ’ಗೆ ‘ಅನ್ನು’ ಸೇರಿ ‘ಮನೆಯನ್ನು’ ಆಗುವಾಗ ಯಕಾರ ಹೊಸದಾಗಿ ಬರುತ್ತದೆ, ಅದು ಆಗಮ. ‘ಮಳೆ’ಗೆ ‘ಕಾಲ’ ಸೇರಿ ‘ಮಳೆಗಾಲ’ ಆಗುವಾಗ ಕಕಾರದ ಜಾಗಕ್ಕೆ ಗಕಾರ ಬರುತ್ತದೆ, ಅದು ಆದೇಶ. ನಮ್ಮ ಸೈಕಲ್ಲಿನಲ್ಲಿ ನಡೆದದ್ದೂ ಇದೇ. ಫೋರ್ಕಿನ ನೆತ್ತಿಯಲ್ಲಿ ಒಂದಿಷ್ಟು ಉಕ್ಕಿನ ಲೋಪ. ಅಡ್ಡಕೊಳವೆಯ ಇಬ್ಬದಿಯಲ್ಲಿ ವಾಷರಿನ ಆಗಮ. ಉಕ್ಕಿನ ರಿಮ್ಮಿನ ಸ್ಥಾನದಲ್ಲಿ ಅಲ್ಯುಮಿನಿಯಂ ರಿಮ್ಮಿನ ಆದೇಶ. ಇನ್ನು ಯಾವ ಮಾರ್ಪಾಡೂ ಇಲ್ಲದೆ ಇದ್ದಂತೆಯೇ ಬಿಡುವ ಪ್ರಕೃತಿಭಾವವೂ ವ್ಯಾಕರಣದಲ್ಲಿದೆ. ನಾವು ಡ್ರಿಲ್ಲು ತಾಗಿಸದೆ ಬಿಟ್ಟ ಆ ತೆಳು ಅಡ್ಡಕೊಳವೆಗೆ ಅದನ್ನು ಅನ್ವಯಿಸಿದರೆ ಪಂಡಿತರು ಮುನಿಯಲಾರರೆಂದು ನಂಬಿದ್ದೇನೆ.

ಲೋಪಸಂಧಿಗೆ ನಮ್ಮ ವ್ಯಾಕರಣವು ಒಂದು ಕಟ್ಟುಪಾಡನ್ನು ವಿಧಿಸಿದೆ. ಅರ್ಥಕ್ಕೆ ಹಾನಿ ಬಾರದ ಕಡೆ ಮಾತ್ರ ಅಕ್ಷರವನ್ನು ಬಿಡಬೇಕು. ಹಾನಿ ಬರುವಂತಿದ್ದರೆ ಬಿಡಕೂಡದು. ತರಗತಿಯಲ್ಲಿ ಈ ಮಾತನ್ನು ನೂರಾರು ಸಲ ಹೇಳಿದ್ದೆ. ಅದು ಅಕ್ಷರಗಳಿಗೆ ಮಾತ್ರವಲ್ಲದೆ ಉಕ್ಕಿಗೂ ಸಲ್ಲುವ ವಿವೇಕವೆಂದು ಲೇತ್ ಅಂಗಡಿಯಲ್ಲಿ ನಿಂತಾಗ ಹೊಳೆಯಿತು. ಸೈಕಲ್ಲಿನ ಅರ್ಥವೆಂದರೆ ಅದರ ಬಲ; ಸವಾರನನ್ನು ನಂಬಿಕೆಯಿಂದ ಹೊರುವ ಶಕ್ತಿ. ಅದು ಕೆಡದ ಕಡೆ ಕೊರೆಯಬಹುದು. ಅದು ಕೆಡುವ ಕಡೆ, ಎಷ್ಟೇ ಅನುಕೂಲವೆನಿಸಿದರೂ ಕೊರೆಯಬಾರದು. ಬೇರೊಂದು ದಾರಿ ಹುಡುಕಬೇಕು.

ಬ್ರೇಕು ಕೂತಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬ್ರೇಕಿನ ರಬ್ಬರನ್ನು ಹಿಡಿದಿರುವ ಲೋಹದ ಗೂಡಿನ ಒಂದು ತುದಿ ಮುಚ್ಚಿದ್ದು, ಇನ್ನೊಂದು ತೆರೆದಿರುತ್ತದೆ. ಮುಚ್ಚಿದ ತುದಿ ಯಾವಾಗಲೂ ಮುಂದಕ್ಕೆ ಇರಬೇಕು. ಹಿಂದುಮುಂದಾದರೆ ಬ್ರೇಕು ಹಿಡಿದಾಗ ತಿರುಗುವ ರಿಮ್ಮು ರಬ್ಬರನ್ನು ಗೂಡಿನಿಂದ ಎಳೆದು ಹೊರಹಾಕಿಬಿಡುತ್ತದೆ. ನಿಮ್ಮಲ್ಲಿ ಸೈಕಲ್ಲಿರುವವರು ಇಂದು ಸಂಜೆಯೇ ಇದನ್ನು ಪರೀಕ್ಷಿಸಿ ನೋಡಬಹುದು. ಇನ್ನೊಂದು ಸಂಗತಿ: ಹೊಸ ಬ್ರೇಕಿನ ಎರಡು ತೋಳುಗಳು ಎರಡು ಪ್ರತ್ಯೇಕ ಕೀಲುಗಳ ಮೇಲೆ ತಿರುಗುತ್ತವೆ. ಕೈಯ ಸ್ವಲ್ಪ ಬಲವನ್ನೇ ಅದು ಹೆಚ್ಚಿಸಿ ರಿಮ್ಮಿಗೆ ಮುಟ್ಟಿಸುತ್ತದೆ. ಆದರೆ ಹೀಗೆ ಬಲ ಹೆಚ್ಚಿದಷ್ಟೂ ರಬ್ಬರು ಚಲಿಸುವ ದೂರ ಕಡಿಮೆಯಾಗುವುದರಿಂದ ಅದನ್ನು ರಿಮ್ಮಿಗೆ ತೀರ ಹತ್ತಿರ ನಿಲ್ಲಿಸಬೇಕಾಗುತ್ತದೆ. ಚಕ್ರದಲ್ಲಿ ಒಂದಿಷ್ಟು ಓರೆಯಿದ್ದರೂ ರಿಮ್ಮು ಉಜ್ಜತೊಡಗುತ್ತದೆ. ಹಳೆಯ ಬ್ರೇಕು ಓರೆ ಚಕ್ರವನ್ನು ಸಹಿಸಿಕೊಂಡಿತ್ತು; ಹೊಸದು ಸಹಿಸುವುದಿಲ್ಲ. ಆದುದರಿಂದ ನಮ್ಮ ಷಾಪಿನವನು ಹಳೆಯ ಹಬ್ಬುಗಳಿಗೆ ಹೊಸ ರಿಮ್ಮುಗಳನ್ನು ಕಟ್ಟುವಾಗ ಮೂವತ್ತಾರು ಕಡ್ಡಿಗಳನ್ನೂ ವೀಣೆಯ ತಂತಿಗಳಂತೆ ಮೀಟಿ ಮೀಟಿ ನೋಡಿ, ಅರ್ಧ ದಿನ ಕೂತು ಬೆಂಡ್ ತೆಗೆದ. ಬಲ ಹೆಚ್ಚಿದವನಲ್ಲಿ ನೇರ ನಡೆಯೂ ಹೆಚ್ಚಬೇಕೆಂಬುದು ಚಕ್ರಕ್ಕೂ ಸಲ್ಲುವ ಮಾತು.

ಪರೀಕ್ಷೆಗೆ ಮಳೆಗಾಲವೇ ಒದಗಿಬಂತು. ಜೂನ್ ತಿಂಗಳ ಒಂದು ಭಾನುವಾರ, ಸುರಿಯುವ ಮಳೆಯಲ್ಲಿ, ಶಾಲೆಯ ಮುಂದಿನ ಸಮತಟ್ಟಾದ ರಸ್ತೆಯಲ್ಲಿ ಒಂದು ಕಲ್ಲನ್ನು ಗುರುತಿಗೆ ಇಟ್ಟೆವು. ಮೊಮ್ಮಗಳು ವೇಗವಾಗಿ ಬಂದು ಕಲ್ಲಿನ ಬಳಿ ಎರಡೂ ಬ್ರೇಕುಗಳನ್ನು ಒಟ್ಟಿಗೆ, ಹದವಾಗಿ ಹಿಡಿಯಬೇಕು. ಬ್ರೇಕು ಹಿಡಿದಾಗ ಸವಾರನ ಭಾರ ಮುಂದಕ್ಕೆ ವಾಲುತ್ತದೆ. ಆದ್ದರಿಂದ ಹೆಚ್ಚು ಕೆಲಸ ಮಾಡುವುದು ಮುಂದಿನ ಬ್ರೇಕು. ಆದರೆ ಅದೊಂದನ್ನೇ ಥಟ್ಟನೆ ಹಿಡಿದರೆ ಹಿಂಚಕ್ರ ಮೇಲೆದ್ದು ಸವಾರ ಮುಗ್ಗರಿಸುವ ಅಪಾಯವಿದೆ. ಇದನ್ನೆಲ್ಲ ಅವಳಿಗೆ ಒಣ ನೆಲದಲ್ಲಿ ಮೊದಲೇ ಅಭ್ಯಾಸ ಮಾಡಿಸಿದ್ದೆ. ಅವಳು ನಿಂತ ಜಾಗದವರೆಗೆ ನನ್ನ ಸೊಸೆ ಕೊಡೆ ಹಿಡಿದು, ಹೆಜ್ಜೆ ಎಣಿಸುತ್ತ ನಡೆದಳು. ಐದು ಸಲ ಓಡಿಸಿದರು. ಐದು ಸಲವೂ ಎಣಿಸಿದಳು. ಒಮ್ಮೆಯೂ ಎಂಟು ಹೆಜ್ಜೆ ದಾಟಲಿಲ್ಲ. ಆಮೇಲೆ ಇಳಿಜಾರಿಗೆ ಹೋಗಿ ಸೇತುವೆಯ ತಿರುವಿಗಿಂತ ಬಹಳ ಮೇಲೆಯೇ ನಿಲ್ಲಿಸುವುದನ್ನು ನೋಡಿದಳು. ಅನಂತರ ಅವಳು ಹೇಳಿದ್ದು ಇಷ್ಟೇ: “ಸರಿ ಮಾವ, ಇನ್ನು ಹೋಗಲಿ.” ನನಗೆ ಬಂದ ಪ್ರಶಸ್ತಿಪತ್ರಗಳಲ್ಲಿ ಇದಕ್ಕಿಂತ ಉತ್ತಮವಾದ ಒಕ್ಕಣೆಯನ್ನು ನಾನು ಓದಿಲ್ಲ.

ಹಳೆಯ ಸೈಕಲ್ಲಿನ ಮೂಲರೂಪವನ್ನು ಕೆಡಿಸಿದಿರಲ್ಲ ಎಂದು ಒಬ್ಬ ಮಿತ್ರರು ಆಕ್ಷೇಪಿಸಿದರು. ಅವರು ಹಳೆಯ ನಾಣ್ಯಗಳನ್ನೂ ಗಡಿಯಾರಗಳನ್ನೂ ಸಂಗ್ರಹಿಸುವವರು. ಅವರ ಮಾತನ್ನು ಹಗುರವಾಗಿ ಕಾಣಲಾಗದು. ಅಪೂರ್ವವಾದ ಒಂದು ವಸ್ತು ಒಂದೇ ಒಂದು ಉಳಿದಿದ್ದರೆ ಅದಕ್ಕೆ ಡ್ರಿಲ್ಲು ತಾಗಿಸುವುದು ಅಪರಾಧವೇ ಸರಿ, ಅದು ವಸ್ತುಸಂಗ್ರಹಾಲಯದಲ್ಲಿರಬೇಕು. ನನ್ನ ಸೈಕಲ್ಲು ಅಂಥದಲ್ಲ. ಅದು ಸಾವಿರಾರರಲ್ಲಿ ಒಂದು, ಓಡಾಡಲೆಂದೇ ಮಾಡಿದ್ದು. ಅಲ್ಲದೆ ಸೈಕಲ್ಲಿನ ಮೂಲರೂಪವೆಂದರೆ ಯಾವುದು? 1817ರಲ್ಲಿ ಜರ್ಮನಿಯ ಕಾರ್ಲ್ ಡ್ರಾಯಿಸ್ ಮಾಡಿದ ಗಾಡಿಗೆ ಪೆಡಲೇ ಇರಲಿಲ್ಲ. ಸವಾರ ಕಾಲಿನಿಂದ ನೆಲವನ್ನು ಒದ್ದು ಸಾಗಬೇಕಿತ್ತು. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹಿಂಚಕ್ರಕ್ಕೆ ಚೈನಿನಿಂದ ಬಲ ಕೊಡುವ, ಹೆಚ್ಚುಕಡಿಮೆ ಸಮಗಾತ್ರದ ಎರಡು ಚಕ್ರಗಳ ಸೈಕಲ್ಲನ್ನು ತಂದ. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದ. ಬ್ರೇಕಿನ ತಂತಿಯನ್ನು ಕೊಳವೆಯೊಳಗೆ ಓಡಿಸಿ ಎತ್ತ ಬೇಕಾದರೂ ಬಾಗಿಸುವ ಉಪಾಯಕ್ಕೆ 1896ರಲ್ಲಿ ಅರ್ನೆಸ್ಟ್ ಬೌಡನ್ ಹಕ್ಕುಪತ್ರ ಪಡೆದ. ಇವರಲ್ಲಿ ಯಾರೂ ಹಿಂದಿನವರ ಕೆಲಸವನ್ನು ಪೂರ್ತಿ ಅಳಿಸಿ ಹೊಸದಾಗಿ ಆರಂಭಿಸಲಿಲ್ಲ. ಇದ್ದುದಕ್ಕೆ ತಮ್ಮದನ್ನು ಜೋಡಿಸಿದರು. ನಾವು ಹಳೆಯದೆಂದು ಕರೆಯುವ ಸೈಕಲ್ಲು ಹೀಗೆ ಅನೇಕ ಹೊಸತುಗಳ ಸಂಧಿಯಿಂದಲೇ ಆದದ್ದು. ಆ ಸಾಲಿನ ಕೊನೆಯಲ್ಲಿ ನಮ್ಮ ಪೇಟೆಯ ಲೇತ್ ಅಂಗಡಿಯ 8 ಮಿಲಿಮೀಟರಿನ ಡ್ರಿಲ್ಲಿಗೂ ಒಂದು ಸಣ್ಣ ಜಾಗವಿದ್ದರೆ ಅದರಿಂದ ಸ್ಟಾರ್ಲಿಗೆ ಅವಮಾನವಾಗದು.

ಆದರೂ ಆ ಮಿತ್ರರ ಆಕ್ಷೇಪ ನನ್ನಿಂದ ಒಂದು ಒಳ್ಳೆಯ ಕೆಲಸ ಮಾಡಿಸಿತು. ಹಳೆಯ ಬ್ರೇಕುಗಳನ್ನೂ ಹಿಡಿಕೆಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಒಂದು ಡಬ್ಬಿಯಲ್ಲಿಟ್ಟೆ. ಉಕ್ಕಿನ ರಿಮ್ಮುಗಳನ್ನು ಕೊಟ್ಟಿಗೆಯ ಗೂಟಕ್ಕೆ ಹಾಕಿದೆ. ಒಂದು ಚೀಟಿಯಲ್ಲಿ, ಎಲ್ಲಿ ಕೊರೆದಿದೆ, ಎಷ್ಟು ಕೊರೆದಿದೆ, ಎಲ್ಲಿ ಕೊರೆದಿಲ್ಲ, ಏಕೆ ಕೊರೆದಿಲ್ಲ, ಎಂದು ಈ ಕೆಲಸವಾಯಿತು ಎಂಬುದನ್ನೆಲ್ಲ ಬರೆದು ಆ ಡಬ್ಬಿಯೊಳಗೆ ಹಾಕಿದೆ. ಈ ಸೈಕಲ್ಲು ಮುಂದೆ ಯಾರ ಕೈಸೇರುತ್ತದೋ ನಾನರಿಯೆ. ಅವರಿಗೆ ಇನ್ನೂ ಉತ್ತಮವಾದ ಬ್ರೇಕು ಸಿಕ್ಕಬಹುದು, ಹಳೆಯದೇ ಬೇಕೆನಿಸಲೂಬಹುದು. ಯಾವುದನ್ನು ಆರಿಸಿಕೊಂಡರೂ ನಮ್ಮ ಕೈ ಎಲ್ಲೆಲ್ಲಿ ಆಡಿದೆಯೆಂಬುದು ಅವರಿಗೆ ತಿಳಿದಿರಬೇಕು.

ನಿಮ್ಮ ಮುಂದೆ ನಮ್ಮಿಂದ ಬಂದ ವಸ್ತುಗಳೂ ವಾಡಿಕೆಗಳೂ ಬಹಳಷ್ಟಿವೆ. ಅವುಗಳಲ್ಲಿ ಎಲ್ಲವೂ ನಿಮ್ಮ ಅಳತೆಗೆ ಒಗ್ಗುವುದಿಲ್ಲ. ಕೆಲವನ್ನು ನೀವು ಕೊರೆಯಲೇಬೇಕಾಗುತ್ತದೆ. ಕೊರೆಯಿರಿ. ಆದರೆ ಮೊದಲು ಅಳೆಯಿರಿ. ತೆಳುವಾದ ಜಾಗ ಯಾವುದೆಂದು ತಿಳಿಯಿರಿ. ನಿಮ್ಮ ಅನಂತರ ಬರುವವರಿಗಾಗಿ ಒಂದು ಚೀಟಿ ಬರೆದಿಡಿ.